ತಂಗಿಯ ಬಟ್ಟಲು

ತಂಗಿಯ ಬಟ್ಟಲಿಗೆ ಔಷಧದ ನೀರು ಹನಿಸುತ್ತಿದ್ದಾಗ ಪಕ್ಕದ ಮನೆಯ ಕಸ್ತೂರಿ ಒಳಗೆ ಬಂದಳು. ಅವಳು ಕ್ರೀಮು ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ.

"ಚಿಗವ್ವ, ತಂಗೀದು ಊಟ ಆತೇನ್ರಿ?"

"ಆತವ್ವ. ಇವತ್ತು ಯಾಕೋ ಕೆಂಪಗ ಕಾಣ್ತಾಳ. ಸಿಟ್ಟು ಬಂದಿರಬೇಕು."

ಮೊಲಗಳ ಮೇಲೆ ಕ್ರೀಮು, ಕಾಡಿಗೆ ಪರೀಕ್ಷಿಸುವುದು ನಿಂತ ಮೇಲೆ, ಸತ್ತವರ ಚರ್ಮದ ತುಣುಕೊಂದನ್ನು ಬಟ್ಟಲಲ್ಲಿ ಬೆಳೆಸಿ ಮನೆಯವರಿಗೆ ಕೊಡುತ್ತಾರೆ. ನಾವು ಒಪ್ಪಿಗೆಯ ಪತ್ರ ಕಳಿಸಿದರೆ ಮೊಲದ ಬದಲು ಆ ಬಟ್ಟಲು ಪರೀಕ್ಷೆಗೆ ಹೋಗುತ್ತದೆ. ತಂಗಿ ನೀಲಗಂಗಾ ತೀರಿಕೊಂಡು ವರ್ಷಗಳಾದವು. ನಾನಿನ್ನೂ ಪತ್ರ ಕಳಿಸಿಲ್ಲ. ಈ ಮನೆಯಲ್ಲಿ ನಾನು ಮಾತಾಡಿಸುವುದು ಅವಳೊಬ್ಬಳನ್ನೇ.

"ಬಟ್ಟಲಾ ಯಾರೂ ಕೊಡವಲ್ರಂತ್ರಿ," ಎಂದಳು ಕಸ್ತೂರಿ. "ನಮ್ಮಲ್ಲಿ ಹಳೇ ಪಂಜರ ತೊಳಿಯಾಕ ಹಚ್ಯಾರ. ಸೋಮವಾರ ಮೊಲ ಬರ್ತಾವಂತ."

"ಮೊಲದ ಕಣ್ಣು ಉರಿಸಿದ್ದು ನನ್ನ ಮಾರಿಗೆ ಬ್ಯಾಡ" ಎನ್ನುತ್ತ ನೀಲಗಂಗಾ ಹಬ್ಬದ ದಿನವೂ ಬರೀ ಕಡಲೆಹಿಟ್ಟಿನಲ್ಲಿ ಮುಖ ತೊಳೆದುಕೊಳ್ಳುತ್ತಿದ್ದಳು.

"ಬಟ್ಟಲದಾಗಿನ ಚರ್ಮಕ್ಕ ನರ ಇರಂಗಿಲ್ರಿ ಚಿಗವ್ವ. ಏನೂ ನೋವಾಗಂಗಿಲ್ಲ."

"ನರ ನನಗ ಅದಾವಲ್ಲವ್ವ."

ನಾನು ಕೈ ಒರೆಸಿಕೊಂಡು, ಪತ್ರವನ್ನು ತೆಗೆದು ಸಹಿ ಮಾಡಿದೆ. ಕೆಳಗೆ ಜಾಗ ಉಳಿದಿತ್ತು. ಅಲ್ಲಿ ಬರೆದೆ: "ಇವಳಿಗೆ ತಣ್ಣೀರು ಆಗಿಬರುವುದಿಲ್ಲ. ಏನಾದರೂ ಹಚ್ಚುವ ಮುಂಚೆ ಹೆಸರು ಹಿಡಿದು ಕರೆಯಿರಿ."

ಲಕೋಟೆಯನ್ನು ಕಸ್ತೂರಿಯ ಕೈಗಿಟ್ಟೆ. "ಈಗಿಂದೀಗ ಹಾಕಿ ಬಾ. ನಾಳೆ ಅಂದ್ರ ವಾಪಸ್ ಇಸ್ಕೋತೀನಿ."

ಅವಳು ಬೀದಿ ದಾಟಿ ಅದನ್ನು ಅಂಚೆಪೆಟ್ಟಿಗೆಗೆ ಹಾಕುವವರೆಗೂ ನಾನು ಕಿಟಕಿಯಲ್ಲೇ ನಿಂತಿದ್ದೆ.