ದಟ್ ಆದಮೇಲೆ

ಹೆಣ್ಣು ನೋಡಲು ಬಂದಿದ್ದ ಇಂಗ್ಲಿಷ್ ಲೆಕ್ಚರರ್ ಶಿವಪ್ರಸನ್ನ ಉಪ್ಪಿಟ್ಟು ಮುಗಿಸುವಷ್ಟರಲ್ಲೇ ಹುಡುಗಿಯ ಅಪ್ಪನ ಇಂಗ್ಲಿಷನ್ನು ಎರಡು ಸಲ ತಿದ್ದಿದ್ದ. ಒಳ್ಳೆಯ ಸಂಬಂಧ ಕೈತಪ್ಪಬಾರದೆಂದು ಅವರು ಎರಡು ಸಲವೂ ನಕ್ಕಿದ್ದರು.

"ನಂಗೂ ಅಷ್ಟೇ, 'ದಟ್' ಆದ್ಮೇಲೆ 'ಮೇ' ಬರುತ್ತೋ 'ವಿಲ್' ಬರುತ್ತೋ ಗೊತ್ತಾಗಲ್ಲ," ಎಂದಳು ವಾರಿಜ, ತಲೆ ತಗ್ಗಿಸಿಕೊಂಡು.

ಕಲಿಯುವ ಆಸೆಯಿರುವ ಹುಡುಗಿ ಎಂದು ಅವನು ಉಬ್ಬಿಹೋದ. "ಅನುಮಾನ ಇದ್ರೆ 'ಮೇ', ಖಾತ್ರಿ ಇದ್ರೆ 'ವಿಲ್'. ಅಷ್ಟೇ ರೀ."

"ಹುಡುಗಿ ನನ್ನನ್ನ ಒಪ್ಪಬಹುದು ಅಂತ ನೀವು ಹೇಳ್ಬೇಕಾದ್ರೆ?"

"ದೇರ್ ಈಸ್ ಎ ಪಾಸಿಬಿಲಿಟಿ ದಟ್ ಶಿ ಮೇ ಅಕ್ಸೆಪ್ಟ್ ಮಿ," ಎಂದ, ಸ್ವಲ್ಪ ನಾಚಿಕೊಂಡೇ.

"ಖಂಡಿತ ಒಪ್ಪಲ್ಲ ಅಂತಾದ್ರೆ?"

"ದೇರ್ ಈಸ್ ನೋ ಡೌಟ್ ದಟ್ ಶಿ ವಿಲ್ ರಿಜೆಕ್ಟ್ ಮಿ."

"ಸ್ವಲ್ಪ ಜೋರಾಗಿ ಹೇಳ್ತೀರಾ? ಎಲ್ರಿಗೂ ಕೇಳ್ಲಿ."

ಅವನು ಎದ್ದು ನಿಂತು, ತರಗತಿಯ ದನಿಯಲ್ಲಿ, ಪದ ಪದವನ್ನೂ ಬಿಡಿಸಿ ಹೇಳಿದ. ಅಡುಗೆಮನೆಯಲ್ಲಿದ್ದವರೂ ಬಾಗಿಲಿಗೆ ಬಂದರು.

ವಾರಿಜ ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಇವರು ಹೇಳಿದ್ರಲ್ಲಿ ಒಂದು ತಪ್ಪೂ ಇಲ್ಲ."