ದಾರಿ ಹೇಳಿದವನು

ಆಂಜನೇಯ ದಾರಿ ಹೇಳುತ್ತಿದ್ದ, ರುದ್ರೇಶ ಬರೆದುಕೊಳ್ಳುತ್ತಿದ್ದ. ಆದೋನಿಯಿಂದ ಕೊಲ್ಹಾಪುರಕ್ಕೆ ಆರು ಬೈಕು, ಆರು ಜನ ಗೆಳೆಯರು. ಹೆದ್ದಾರಿ ಹತ್ತಬಾರದು ಎಂಬುದೊಂದೇ ಷರತ್ತು. ಫೋನಿನಲ್ಲಿ ಎಷ್ಟು ತಡಕಾಡಿದರೂ ಅದು ಸುತ್ತಿ ಬಳಸಿ ಟೋಲ್ ಗೇಟಿಗೇ ತಂದು ನಿಲ್ಲಿಸುತ್ತಿತ್ತು. ಆಗ ಹತ್ತಿ ವ್ಯಾಪಾರಿ ರುದ್ರೇಶನಿಗೆ ತನ್ನ ಜಿನ್ನಿಂಗ್ ಮಿಲ್ಲಿನ ಗೇಟು ಕಾಯುವ ಆಂಜನೇಯ ನೆನಪಾಗಿದ್ದ. ಮೊಣಕಾಲು ಕೈಕೊಡುವ ತನಕ ಮೂವತ್ತು ವರ್ಷ ಕುರಿ ಹೊಡೆದುಕೊಂಡು ಕೃಷ್ಣೆಯ ದಡದವರೆಗೆ ಹೋಗಿ ಬಂದ ಮನುಷ್ಯ ಅವನು.

“ಕೋಸಗಿ ದಾಟಿದ ಮ್ಯಾಲ ಹೊಳಿ ಬರ್ತೈತ್ರಿ. ಕುರಿ ಆದ್ರ ನೀರಾಗ ಇಳಸ್ತಿದ್ವಿ, ನಿಮಗ ಬ್ರಿಡ್ಜ್ ಬೇಕು. ದಾಟಿ ಎಡಕ್ಕ ಹೊಳ್ರಿ. ಸಿಂಧನೂರು ಊರಾಗ ಹೋಗಬ್ಯಾಡ್ರಿ, ಹೊರಗಿಂದ ಹೊರಗ ಮುದಗಲ್ಲಿಗೆ ದಾರಿ ಐತಿ.”

“ಆಮ್ಯಾಲ?”

“ಆಮ್ಯಾಲ ಮೂರು ದಾರಿ ಒಡೀತಾವ. ಅಲ್ಲಿಗೆ ಹೋದಾಗ ನೋಡಾಣ್ರಿ.”

ಹೀಗೆ ‘ನೋಡಾಣ್ರಿ’ ಎಂದದ್ದು ಮೂರು ಸಲ. ಮುದುಕನಿಗೆ ಮರೆವು ಎಂದುಕೊಂಡ ರುದ್ರೇಶ ಆ ಮೂರೂ ಕಡೆ ಪ್ರಶ್ನೆಯ ಗುರುತು ಹಾಕಿಕೊಂಡ. ಪಕ್ಕದಲ್ಲಿ ಗೆಳೆಯ ಸೋಮೇಶ್ ಹೊಸ ಹೆಲ್ಮೆಟ್ಟಿನ ಗಾಜು ಒರೆಸುತ್ತಿದ್ದ, ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನೂ ಅಷ್ಟು ಜೋಪಾನ ಮಾಡಿರಲಿಕ್ಕಿಲ್ಲ. ಎರಡು ಹಾಳೆ ತುಂಬಿದವು. ಕೆಲಸ ಮುಗಿದರೂ ಆಂಜನೇಯ ಏಳಲಿಲ್ಲ.

“ನಾ ಯಾರ ಗಾಡಿ ಹಿಂದ ಕುಂದ್ರಲ್ರಿ, ಸಾವ್ಕಾರ್ರ?”

ಸೋಮೇಶನ ಕೈ ಹೆಲ್ಮೆಟ್ಟಿನ ಮೇಲೇ ನಿಂತಿತು. “ನಿನ್ನ ಕರ್ಕೊಂಡು ಹೋಗ್ತೀವಂತ ಯಾರು ಹೇಳಿದ್ರು, ಆಂಜನೇಯಣ್ಣ?” ಎಂದ.

“ಅದನ್ನ ಯಾಕ ಹೇಳಬೇಕ್ರಿ? ದಾರಿ ಹೇಳಿದಾಂವ ಮುಂದ ನಡೀಬೇಕು. ಕುರಿ ಮಂದ್ಯಾಗ ಹಂಗ ಐತಿ ಪದ್ಧತಿ.” ಅವನು ರುದ್ರೇಶನ ಕಡೆ ತಿರುಗಿದ. “ಆ ದಾರ್ಯಾಗ ಸುಭದ್ರಮ್ಮ ಅಂತ ಒಬ್ಬಾಕಿ ಅದಾಳ್ರಿ. ಜ್ವರ ಬಂದು ಬಿದ್ದಾಗ ಹನ್ನೊಂದು ದಿನ ಗಂಜಿ ಕುಡಿಸಿ ನನ್ನ ಉಳಿಸಿದಾಕಿ. ಕಾಲು ಹೋಗಿ ಆರು ವರ್ಷ ಆತು, ಆಕಿ ಮುಖ ನೋಡಿಲ್ಲ. ಬಾಳ ವಯಸ್ಸಾಗೈತಿ ಆಕಿಗೆ. ಒಮ್ಮೆ ಕಣ್ಣಾರ ನೋಡಿ ಬಂದ್ರ ಸಾಕು. ನಾಕು ದಿನ ಇರಾಂಗಿಲ್ಲಂತ ನನ್ನ ಹೆಂಡ್ತಿಗೂ ಹೇಳಿಟ್ಟೀನಿ.”

‘ಆಯಿತು’ ಎನ್ನುವ ಒಂದು ಮಾತು ಸಾಕಿತ್ತು. ಆರು ಬೈಕಿಗೂ ಹಿಂದಿನ ಸೀಟು ಖಾಲಿಯೇ ಇತ್ತು. ಆದರೆ ದಾರಿಯಲ್ಲಿ ತೆಗೆಸಿಕೊಳ್ಳುವ ಫೋಟೋದಲ್ಲಿ ಆರು ಕರಿ ಜಾಕೆಟ್ಟುಗಳ ನಡುವೆ ರುಮಾಲು ಸುತ್ತಿದ ವಾಚ್‌ಮನ್ ನಿಂತದ್ದು ರುದ್ರೇಶನ ಕಣ್ಣ ಮುಂದೆ ಬಂತು, ನಾಲಿಗೆ ಹಿಂದೆ ಸರಿಯಿತು.

“ಹಿಂದಿನ ಸೀಟಿಗೆ ಬ್ಯಾಗ್ ಕಟ್ತೀವಿ, ಅಣ್ಣ. ಮುಂದಿನ ಸಲ ನೋಡಾಣು.”

ಹೇಳಿದ ಮರುಕ್ಷಣವೇ ರುದ್ರೇಶನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುದುಕ ಸಿಟ್ಟಾಗಿ ನಾಲ್ಕು ಮಾತು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ.

“ಸರಿ, ಹಂಗಾದ್ರ ಪೆನ್ನು ತಗೀರಿ. ನಾನ ಇರ್ತೀನಲ್ಲ ಅಂತ ಮೂರು ಕಡೆ ಹೇಳೋದು ಬಿಟ್ಟಿದ್ದೆ.”

ಒಂದೊಂದಾಗಿ ಹೇಳಿದ. ಯಾವ ಬಾವಿಯ ಹತ್ತಿರ ಬಲಕ್ಕೆ, ಯಾವ ಬೇವಿನ ಮರ ದಾಟಿ ಎಡಕ್ಕೆ, ಎಲ್ಲಿ ಮರಳು ಸಡಿಲ, ಎಲ್ಲಿ ಗಾಡಿ ಮೆಲ್ಲಗೆ ಬಿಡಬೇಕು ಎಂದು. ಏನನ್ನೂ ಮುಚ್ಚಿಡಲಿಲ್ಲ. ಸೋಮೇಶ್ ಯಾವಾಗಲೋ ಎದ್ದು ಹೊರಗೆ ಹೋಗಿದ್ದ. ಪ್ರಶ್ನೆಯ ಗುರುತುಗಳನ್ನು ಹೊಡೆದುಹಾಕುತ್ತ ಬರೆದ ರುದ್ರೇಶ ತಲೆ ಎತ್ತಲೇ ಇಲ್ಲ.

“ಆ ಮರಳು ದಾಟಿದ ಮ್ಯಾಲ ಸುಭದ್ರಮ್ಮನ ಮನಿ. ನನ್ನ ಹೆಸರು ಹೇಳ್ರಿ ಸಾಕು, ಆರು ಮಂದಿಗೂ ರೊಟ್ಟಿ ಬಡೀತಾಳ. ಆಂಜನೇಯ ಯಾಕ ಬರ್ಲಿಲ್ಲ ಅಂತ ಕೇಳೇ ಕೇಳ್ತಾಳ.” ಅವನು ಗೋಡೆ ಹಿಡಿದು ಮೆಲ್ಲಗೆ ಎದ್ದ. “ಅದಕ್ಕ ಏನು ಹೇಳಬೇಕೋ, ಅದೊಂದು ನೀವ ಬರಕೋರಿ.”