ಅಮ್ಮನ ವಾಸನೆ

ಅಮ್ಮನ ಹಳೆಯ ರವಿಕೆಯನ್ನು ಮನೆಯೊಳಗೆ ಎಲ್ಲಿ ಬಚ್ಚಿಟ್ಟರೂ ಮೂಸಿ ಹುಡುಕಿ ಅದರ ಮುಂದೆ ಕೂರುವುದನ್ನು ವಿಶಾಲು ನಾಯಿಗೆ ಕಲಿಸಿದ್ದಳು. ಹುಡುಕಿದ್ದು ಸರಿಯಾದರೆ ಮಾತ್ರ ಅವಳ ಕೈಯ ಕ್ಲಿಕ್ಕರ್ ಗುಂಡಿ ‘ಟಿಕ್’ ಎನ್ನುತ್ತಿತ್ತು, ಬಿಸ್ಕತ್ತು ಸಿಗುತ್ತಿತ್ತು.

ಗಂಡನ ಕಡೆಯ ಮದುವೆಗೆಂದು ಬಂದಿಳಿದ ಅಕ್ಕ ಅದನ್ನು ಕೇಳಿ ಕಣ್ಣೊರೆಸಿಕೊಂಡಳು. “ಆ ರವಿಕೆಯೊಂದಾದ್ರೂ ಉಳೀತಲ್ಲೇ. ಧಾರೆ ಸೀರೇನ ನಾನೇ ಅಮ್ಮನ ಜೊತೆ ಚಿತೆಗೆ ಹಾಕ್ಬಿಟ್ಟೆ.”

“ಅಮ್ಮ ಕೇಳ್ಕೊಂಡಿದ್ದೂ ಅದನ್ನೇ ಅಲ್ವೇನಕ್ಕ,” ಎಂದ ವಿಶಾಲು ನಾಯಿಯನ್ನು ಬಿಟ್ಟಳು.

ನಾಯಿ ದಿವಾನ್ ಮಂಚದಡಿಯ ರವಿಕೆಯ ಮುಂದೆ ಕೂತಿತು. ಟಿಕ್. ಬಿಸ್ಕತ್ತು ನುಂಗಿದ್ದೇ ತಡ, ಯಾರೂ ಹೇಳದೆ ಎದ್ದುಹೋಗಿ ಅಕ್ಕನ ಸೂಟ್‌ಕೇಸಿನ ಮುಂದೆ ಕೂತಿತು.

“ಬಿಸ್ಕತ್ತಿನಾಸೆಗೆ ಸುಳ್ಳು ಹೇಳ್ತಿದೆ ನೋಡೇ!” ಅಕ್ಕ ನಗುತ್ತಾ ಸೂಟ್‌ಕೇಸನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದಳು.

ವಿಶಾಲು ಅಕ್ಕನ ಮುಖವನ್ನೇ ನೋಡುತ್ತಾ ಕ್ಲಿಕ್ಕರ್ ಒತ್ತಿದಳು. ಟಿಕ್.